ಗರಗಸದ ಜುಟ್ಟು

ಹೂವಿನ ನೀರಿನ ಬಟ್ಟಲು ತುಂಬಿಸುತ್ತಿದ್ದ ಲಮ್ಯೈಯ ಕೈ ನಿಂತುಬಿಟ್ಟಿತು. ಸತ್ತ ಗಂಡ ಪ್ರಯೂನನ ಅಂಗೈಗೆ ನೀರು ಬಿಡುವವರ ಸಾಲಿನಲ್ಲಿ ಪಕ್ಕದ ಮನೆಯ ಉತೈ ನಿಂತಿದ್ದ. ಕೈಯಲ್ಲೊಂದು ಬಿದಿರಿನ ಬುಟ್ಟಿ, ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟಿತ್ತು. ಸರದಿ ಬಂದಾಗ ಅವನು ನೀರು ಬಿಡಲಿಲ್ಲ. ಹಿಂದಿನವರಿಗೆ ದಾರಿ ಕೊಟ್ಟು ಕಂಬಕ್ಕೆ ಒರಗಿ ಕೂತ.

"ನೋಡಕ್ಕ," ಕೋಳಿ ಸಂಘದ ಅಧ್ಯಕ್ಷ ವಿಚಿಯನ್ ಪಿಸುಗುಟ್ಟಿದ. "ಬುಟ್ಟಿ ಹಿಡ್ಕೊಂಡೇ ಬಂದವ್ನೆ. ಅಣ್ಣನ ಹುಂಜದ ಮೇಲೆ ಕಣ್ಣು."

"ನಿನ್ನ ಕಣ್ಣು ಎಲ್ಲೈತಪ್ಪ?" ಎಂದಳು. ಬೆಳಿಗ್ಗೆಯಿಂದ ಅವನೇ ಎರಡು ಸಲ ಕೋಳಿಗೂಡಿನ ಕಡೆ ಹೋಗಿಬಂದಿದ್ದ.

ಆದರೂ ಅವಳ ಮನಸ್ಸು ಬುಟ್ಟಿಯ ಮೇಲೇ ಇತ್ತು. ನೀರು ಬಿಟ್ಟರೆ ಕ್ಷಮೆ ಕೇಳಿದಂತೆ, ಕೊಟ್ಟಂತೆ. ಬೌದ್ಧ ಭಿಕ್ಕುಗಳು ಬಂದು ಪೆಟ್ಟಿಗೆ ಮುಚ್ಚಿದ ಮೇಲೆ ಎರಡೂ ಇಲ್ಲ. ನೀರು ಬಿಡದವನು ಬಂದದ್ದಾದರೂ ಏತಕ್ಕೆ?

*

ಪ್ರಯೂನ್ ಸಾಕುತ್ತಿದ್ದುದು ಒಂದು ಕಾಲಕ್ಕೆ ಅರಸರು ಸಾಕಿದ್ದ, ಬಿಳಿ ಬಾಲದ ಹಳದಿ ಹುಂಜಗಳ ತಳಿ. ಆ ತಳಿಗೆ ಜುಟ್ಟು ತಲೆಗೆ ಅಂಟಿ, ಬಟಾಣಿ ಕಾಳಿನ ಮೂರು ಸಾಲಿನಂತೆ ಇರಬೇಕು. ಒಂದು ವರ್ಷ ಒಂದು ಮರಿಗೆ ಗರಗಸದಂತೆ ನೆಟ್ಟಗೆ ನಿಂತ ಜುಟ್ಟು ಬಂತು. ಅದನ್ನು ಹಿಡಿದುಕೊಂಡೇ ಅವನು ಬೇಲಿಗೆ ಹೋದ. ಉತೈಯ ಅಂಗಳದ ನಾಟಿಕೋಳಿಗಳಿಗೆಲ್ಲ ಗರಗಸದ ಜುಟ್ಟೇ.

"ನಿನ್ನ ಹುಂಜ ಬೇಲಿ ಹಾರಿ ನನ್ನ ತಳಿ ಕೆಡಿಸ್ತು ಕಣೋ!"

"ಹೋಗೋ, ನನ್ನ ಹುಂಜಕ್ಕೆ ನಿನ್ನ ಅರಮನೆ ಸಂಬಂಧ ಬೇಕಿಲ್ಲ."

ಊರು ಪ್ರಯೂನನ ಮಾತನ್ನೇ ನಂಬಿತು. ಸಂಘದವರು ನಿಂತು ಉತೈಯ ಹುಂಜವನ್ನು ಕೊಲ್ಲಿಸಿದರು. ಅವನು ಮತ್ತೆಂದೂ ಹುಂಜ ಸಾಕಲಿಲ್ಲ, ಪ್ರಯೂನನ ಮನೆ ಕಡೆ ಬರುವುದನ್ನೂ ಬಿಟ್ಟ. ಗರಗಸದ ಮರಿಗಳು ಮಾತ್ರ ಆಗೊಂದು ಈಗೊಂದು ಬರುತ್ತಲೇ ಇದ್ದವು. ಪ್ರಯೂನ್ ತನ್ನ ಹೆಣ್ಣುಕೋಳಿಗಳನ್ನು, ಹೇಟೆಗಳನ್ನೆಲ್ಲ, ಬದಲಿಸಿದ. ಗೂಡಿನ ಬಾಗಿಲು ತೆರೆದಿಟ್ಟೆಯಾ ಎಂದು ಹೆಂಡತಿಯನ್ನು ಜಾಲಾಡಿದ. ತನ್ನ ಹುಂಜದ ಮೇಲೆ ಮಾತ್ರ ಬಹಳ ಕಾಲ ಅವನಿಗೆ ಅನುಮಾನ ಬರಲಿಲ್ಲ.

ತಿಂಗಳ ಹಿಂದೆ ಒಂದು ನಸುಕಿನಲ್ಲಿ ಅವನು ಹುಂಜವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಹೊರಟದ್ದನ್ನು ಲಮ್ಯೈ ಕಂಡಿದ್ದಳು. ಕದ್ದು ಜೂಜಿಗೆ ಬಿಡುತ್ತಾನೆಂದುಕೊಂಡು ಅವನ ಜೇಬು ತಡಕಿದ್ದಳು.

*

ಅವಳು ಎದ್ದು ಹೋಗಿ ಉತೈಯ ಪಕ್ಕ ಕೂತಳು.

"ಏನೈತೆ ಬುಟ್ಟೀಲಿ?"

"ನಿನ್ನ ಗಂಡ ಕೇಳಿದ್ದು, ಅತ್ತಿಗೆ. ಹುಂಜ ತಂದು ನನ್ನ ಅಂಗಳದಲ್ಲಿ ಬಿಟ್ಟ. 'ನಿನ್ನ ಹೇಟೆಗಳ ಜೊತೆ ಇರ್ಲಿ, ಮರಿ ನೋಡಣ' ಅಂದ. ನಾಕ್ ದಿನ ಬಿಟ್ಟು ವಾಪಸ್ ಒಯ್ದ. ಹುಂಜದ ಕಳಂಕ ಮೇಲೆ ಕಾಣಲ್ಲ. ಅದರ ರಕ್ತ ಚೊಕ್ಕ ಇದ್ರೆ ಗರಗಸದ ಹೇಟೇಲೂ ಮರಿಗಳಿಗೆಲ್ಲ ಬಟಾಣಿ ಜುಟ್ಟೇ ಬರ್ತದೆ. ಒಂದಕ್ಕೆ ತಪ್ಪಿದ್ರೂ ಕಳಂಕ ಹುಂಜದ್ದೇ." ಉತೈ ಬುಟ್ಟಿಯನ್ನು ಅವಳ ಕಡೆ ಸರಿಸಿದ. "ನಿನ್ನೆ ಮೊಟ್ಟೆ ಒಡೆದ್ವು. ಇವತ್ತು ಅವನಿಗೆ ತೋರಿಸೋಣ ಅಂತಿದ್ದೆ."

ಲಮ್ಯೈ ಬಟ್ಟೆಯ ಕೆಳಗೆ ಕೈ ತೂರಿಸಿದಳು. ಮೆತ್ತನೆಯ ತಲೆಯೊಂದರ ಮೇಲೆ ಗರಗಸದ ಅಲಗಿನಂತೆ ತೆಳ್ಳನೆಯ ಏಣು ಹೆಬ್ಬೆರಳಿಗೆ ತಾಕಿತು. ಪಕ್ಕದ ಮರಿಯ ತಲೆಯಲ್ಲೂ.

ಬುಟ್ಟಿಯನ್ನು ಒಳಗಿಟ್ಟುಬಿಟ್ಟರೆ ಗಂಡನ ಹೆಸರು ಹೆಸರಾಗಿಯೇ ಉಳಿಯುತ್ತದೆ. ಉತೈ ಏನೂ ಕೇಳುವವನಲ್ಲ. ನೀರು ಬಿಡದೆ ಎದ್ದು ಹೋಗುತ್ತಾನೆ, ಅಷ್ಟೇ. ಹೊರಗೆ ಭಿಕ್ಕುಗಳ ಗಾಡಿ ಬಂದ ಸದ್ದಾಯಿತು.

ಅವಳು ಬುಟ್ಟಿಯನ್ನು ಹೆಣದ ಮುಂದಿನ ಚಾಪೆಗೆ ಎಳೆದು ಬಟ್ಟೆ ಬಿಚ್ಚಿದಳು.

ವಿಚಿಯನ್ ಬಗ್ಗಿ ನೋಡಿದ. "ಇವು ಬೇರೆ ಯಾವ್ದೋ ಹುಂಜದ್ದು."

"ನನ್ನ ಅಂಗಳದಲ್ಲಿ ಹುಂಜ ಎಲ್ಲೈತೋ? ನೀವೇ ಅಲ್ವಾ ನಿಂತು ಕೊಲ್ಸಿದ್ದು?" ಎಂದ ಉತೈ.

"ಹಂಗಾದ್ರೆ ಅಣ್ಣನ ಹುಂಜ ಕದ್ದಿದೀಯ!"

"ಕದ್ದಿಲ್ಲ," ಎಂದಳು ಲಮ್ಯೈ, ಎಲ್ಲರಿಗೂ ಕೇಳುವಂತೆ. "ನಮ್ಮ ಯಜಮಾನ್ರೇ ಟವೆಲ್ ಮುಚ್ಚಿ ಒಯ್ದಿದ್ದು. ನಾನೇ ನೋಡಿದೀನಿ. ಬೇಲಿ ಯಾರೂ ಹಾರಿಲ್ಲ. ಕಳಂಕ ನಮ್ಮನೇದೇ."

ಪ್ರಯೂನನ ತಳಿಯ ಮರಿ ಒಯ್ದು ಸಾಕಿದವರೇ ಅಲ್ಲಿ ಹೆಚ್ಚಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ವಿಚಿಯನ್ ಮೆಲ್ಲಗೆ ಉತೈಯ ಕಿವಿಯ ಹತ್ತಿರ ಸರಿದ.

"ಅಣ್ಣ, ನನ್ನ ಹುಂಜದ ಜೊತೆ ಬಿಡೋಕೆ ನಿನ್ನ ಒಂದು ಹೇಟೆ ನಾಕ್ ದಿನ ಕೊಡ್ತೀಯಾ? ಯಾರ್ಗೂ ಹೇಳ್ಬೇಡ."

ಅವನ ಬೆನ್ನ ಹಿಂದೆ ಆಗಲೇ ಇನ್ನಿಬ್ಬರು ಕಾದು ನಿಂತಿದ್ದರು.

ಉತೈ ಅವರನ್ನು ದಾಟಿ ಹೆಣದ ಹತ್ತಿರ ಹೋದ. ಲಮ್ಯೈ ತುಂಬಿಸಿಟ್ಟಿದ್ದ ಬಟ್ಟಲು ತೆಗೆದುಕೊಂಡು ತಣ್ಣಗಿದ್ದ ಆ ಅಂಗೈಗೆ ಅಷ್ಟೂ ನೀರು ಸುರಿದ. ಬೆರಳ ಸಂದಿಯಿಂದ ಜಾರಿ ಚಾಪೆಗೆ ಹರಿದ ನೀರನ್ನು ಮರಿಗಳು ಕುಕ್ಕಿ ಕುಕ್ಕಿ, ತಲೆ ಮೇಲೆತ್ತಿ ನುಂಗಿದವು.