ಕಿವುಡರೆನಿಸಿಕೊಂಡ ಕೋನಪ್ಪನವರು

ಕೋನಪ್ಪನವರಿಗೆ ಕಿವಿ ಕೇಳಿಸದೆಂದು ಶಿಡ್ಲಘಟ್ಟದಿಂದ ಕೆಂಚಾರ್ಲಹಳ್ಳಿಯವರೆಗೆ ಅರ್ಧ ಸೀಮೆಯೇ ನಂಬಿತ್ತು. ಹೊಲದಾಚೆಯವನನ್ನು ಕರೆಯುವಂತೆ ಜನ ಅವರೆದುರು ಕೂಗಿ ಮಾತಾಡುತ್ತಿದ್ದರು, ಅವರೂ ಇಲ್ಲವೆನ್ನುತ್ತಿರಲಿಲ್ಲ. ನಿಜಕ್ಕೂ ಅವರದು ಬೆಕ್ಕಿನ ಕಿವಿ. ಆದರೆ ಯಾರನ್ನು ಕೇಳಿದರೋ ಅವರೇ ಉತ್ತರ ಕೊಡಬೇಕು. ಪಕ್ಕದವರು ಬಾಯಿ ಹಾಕಿದರೆ ಆ ಮಾತು ಅವರ ಪಾಲಿಗೆ ಗಾಳಿ. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಅದೇ ಮನುಷ್ಯರಿಗೆ ಮತ್ತೆ ಕೇಳುತ್ತಿದ್ದರು.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪಳಗಿ, ಅರವತ್ತರ ದಶಕದಲ್ಲಿ ಮನಸ್ಸಿನ ಕಾಯಿಲೆಯವರನ್ನು ನೋಡಲೆಂದು ವಾರಕ್ಕೊಮ್ಮೆ ನಮ್ಮ ಸೀಮೆಗೆ ಬಸ್ಸಿನಲ್ಲಿ ಬಂದಿಳಿಯುತ್ತಿದ್ದ ಅವರನ್ನು ದೂರದಿಂದ ಕಂಡರೆ, ಕಪ್ಪು ಕೋಟೊಂದು ತಾನೇ ನಡೆದು ಬರುತ್ತಿದೆಯೇನೋ ಅನ್ನಿಸುತ್ತಿತ್ತು. ಕೋಟಿನ ಭುಜ ಅಷ್ಟು ಅಗಲ, ಅದರೊಳಗಿನ ಮೈ ಅಷ್ಟು ಬಡಕಲು. ನೆಲದ ಮೇಲೆ ಕೂತವರೊಡನೆ ಮಾತಾಡಬೇಕಾದರೆ ಅದನ್ನು ಕಳಚಿ, ಮಡಿಸಿ, ಅದರ ಮೇಲೆ ತಾವೂ ಕೂರುತ್ತಿದ್ದರು. ಹುಟ್ಟಿದ್ದು ಚಿಂತಾಮಣಿ ಕಡೆ, ಊರಾಚೆಯ ಕೇರಿಯಲ್ಲಿ. ತಾಯಿ ಮುನಿಶಾಮಮ್ಮ ಹೊಟ್ಟೆನೋವಿನಿಂದ ಮುದುಡಿಕೊಂಡು ಔಷಧಿ ಕೊಡುವ ಪಂಡಿತನ ಅಂಗಳದಲ್ಲಿ ನಿಂತಿದ್ದಾಗ, ಪಂಡಿತ ಅವಳತ್ತ ನೋಡದೆ ಊರ ಯಜಮಾನನನ್ನು ಕೇಳಿದ್ದನಂತೆ, "ಏನಂತೆ ಅದಕ್ಕೆ?" ಇಷ್ಟನ್ನು ಕೋನಪ್ಪನವರು ಒಂದೇ ಒಂದು ಸಲ ಹೇಳಿದ್ದರು.

ಕೆಂಚಾರ್ಲಹಳ್ಳಿಯ ವೆಂಕಟರಾಮಪ್ಪನ ಮನೆಯಲ್ಲಿ ಅವನ ತಂಗಿ ಕದಿರಮ್ಮನನ್ನು ಎತ್ತಿನ ಹಗ್ಗದಿಂದ ಕಂಬಕ್ಕೆ ಕಟ್ಟಿದ್ದಾರೆಂಬ ಸುದ್ದಿ ಅವರಿಗೆ ಬಸ್ಸಿನಲ್ಲೇ ಸಿಕ್ಕಿತು. ಹಸುಗೂಸು ತೀರಿಕೊಂಡ ಮೇಲೆ ಆಕೆ ಹೊತ್ತು ಗೊತ್ತಿಲ್ಲದೆ ಕೆರೆಯ ಕಡೆ ನಡೆದುಬಿಡುತ್ತಿದ್ದಳು. ಗಂಡನ ಮನೆಯವರು ತಂದು ಅಣ್ಣನ ಮನೆಯಲ್ಲಿ ಬಿಟ್ಟಿದ್ದರು. ಕೋನಪ್ಪನವರು ಹೋದಾಗ ವೆಂಕಟರಾಮಪ್ಪ ಹೊಸಿಲಿಗೆ ಅಡ್ಡ ನಿಂತ.

"ಹುಳ ನಾಲ್ಕನೇ ಜ್ವರಕ್ಕೆ ಕೂತೈತೆ ಸಾರ್. ಹೊರಗಿನೋರು ಬರಂಗಿಲ್ಲ."

ರೇಷ್ಮೆಹುಳು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಕಳಚುವ ಹೊತ್ತನ್ನು ಜ್ವರವೆನ್ನುತ್ತಾರೆ. ಆಗ ಆ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಅಡ್ಡ ನಿಂತದ್ದು ಹುಳುವೋ ತಮ್ಮ ಕೇರಿಯೋ ಎಂದು ಕೋನಪ್ಪನವರು ಕೆದಕಲಿಲ್ಲ. ಹಿತ್ತಿಲಿಗೆ ಬಳಸಿ ಹೋಗಿ, ಕದಿರಮ್ಮನಿದ್ದ ಕೋಣೆಯ ಕಿಟಕಿಯ ಕೆಳಗೆ ಕೋಟು ಮಡಿಸಿ ಕೂತರು.

"ಕದಿರಮ್ಮ, ನಿಮ್ಮ ಹತ್ರ ಮಾತಾಡ್ಬೋದಾ?"

"ಅವಳಿಗೇನು ತಿಳೀತದೆ? ನನ್ನ ಕೇಳಿ ಸಾರ್," ಎಂದ ಹಿಂದೆಯೇ ಬಂದ ಅಣ್ಣ.

"ಕದಿರಮ್ಮ, ನಿಮ್ಮ ಹತ್ರ ಮಾತಾಡ್ಬೋದಾ?"

"ನನ್ನ ಕೇಳೀಂತ ಅಂದೆ!" ಅಣ್ಣ ಕೂಗಿದ.

"ಕದಿರಮ್ಮ, ನಿಮ್ಮ ಹತ್ರ..."

"ಅಯ್ಯೋ ದೇವುಡಾ, ಚೆವುಡು ಅಂತ ಜನ ಸುಳ್ಳು ಹೇಳಿಲ್ಲ!"

ಒಳಗಿನಿಂದ ಫಕ್ಕನೆ ನಗು ಕೇಳಿತು. ಆ ಮನೆಯಲ್ಲಿ ಎಷ್ಟೋ ಕಾಲದಿಂದ ಯಾರೂ ಕೇಳಿರದ ನಗು.

"ಆಯಪ್ಪಂಗೆ ಕಿವಿ ಚೆನ್ನಾಗೇ ಕೇಳ್ತದೆ ಕಣಣ್ಣ. ನಿನ್ನ ಮಾತು ಬೇಕಾಗಿಲ್ಲ, ಅಷ್ಟೇ." ಆಮೇಲೆ ಕೋನಪ್ಪನವರಿಗೆ, "ಇವತ್ತು ಬೇಡ. ಹುಳ ಹಣ್ಣಾದಾಗ ಬಾರಪ್ಪ," ಎಂದಳು.

"ಆಗಲಮ್ಮ," ಎಂದು ಕೋನಪ್ಪನವರು ಎದ್ದೇಬಿಟ್ಟರು. ಕೋಟಿನ ಮಣ್ಣು ಕೊಡವುತ್ತ ಅಣ್ಣನಿಗೆ ಹೇಳಿದರು, "ಬೇಡ ಅಂದ್ರು. ಯಾವತ್ತು ಬರ್ಬೇಕು ಅಂತಾನೂ ಹೇಳಿದ್ರು. ಇಷ್ಟು ತಿಳಿದೋರಿಗೆ ಹಗ್ಗ ಯಾಕಪ್ಪ?"

ವೆಂಕಟರಾಮಪ್ಪ ಕೆರೆಯ ಕಡೆ ಕೈ ತೋರಿಸಿದ. "ಕೆರೆಗೆ ಬಿದ್ಬಿಟ್ರೆ ಸಾರ್? ನನಗಿರೋದು ಒಬ್ಬಳೇ ತಂಗಿ."

"ಆ ಭಯ ನಿಜ. ಅದಕ್ಕೆ ಜೊತೆಗೊಬ್ರು ಇರ್ಬೇಕು. ಹಗ್ಗ ಜೊತೆ ಆಗಲ್ಲ."

ಮುಂದಿನ ವಾರ ಅವರು ಬಂದಾಗ ಹುಳು ಹಣ್ಣಾಗಿತ್ತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ಮನೆಯವರೆಲ್ಲ ಹಿತ್ತಿಲ ಅಂಗಳದಲ್ಲಿ ಬಾಗಿ ಕೂತಿದ್ದರು. ಕದಿರಮ್ಮ ಮಾತ್ರ ಇನ್ನೂ ಕಂಬದಲ್ಲೇ. ಕೋನಪ್ಪನವರು ಕಿಟಕಿಯ ಬಳಿ ಹೋಗಿ, "ನಿಮಗೇನು ಬೇಕಮ್ಮ?" ಎಂದರು.

"ನನ್ನ ಕೈ ಬೇಕು. ಹುಳ ಆರಿಸ್ಬೇಕು."

ಕೋನಪ್ಪನವರು ಅಣ್ಣನತ್ತ ತಿರುಗಿದರು. ಬೇಲಿಯ ಪಕ್ಕ ಸರಿದು ಕಾದು ನಿಂತರು. ಕೊನೆಗೆ ವೆಂಕಟರಾಮಪ್ಪ ಎದ್ದು ಒಳಗೆ ಹೋಗಿ, ತಾನು ಬಿಗಿದ ಗಂಟನ್ನು ತಾನೇ ಹಲ್ಲಿನಿಂದ ಬಿಡಿಸಿದ. ಕದಿರಮ್ಮ ಮಣಿಕಟ್ಟು ಉಜ್ಜಿಕೊಳ್ಳುತ್ತ ಅಂಗಳಕ್ಕೆ ಬಂದು, ಬೇಲಿಯ ಪಕ್ಕ ನಿಂತ ಕೋಟನ್ನು ಮೇಲಿಂದ ಕೆಳಗೆ ನೋಡಿದಳು.

"ಬೆದರುಬೊಂಬೆ ಹಂಗೆ ಯಾಕಪ್ಪ ನಿಂತಿದ್ದೀಯ? ಬಾ, ಈ ಚಂದ್ರಿಕೆ ಹಿಡ್ಕೊ."

ಅಣ್ಣ ತಡೆಯಲೆಂದು ಅರ್ಧ ಎದ್ದ. ಹುಳುವನ್ನೂ ತಂಗಿಯನ್ನೂ ನೋಡಿ ಜಾಗ ಬಿಟ್ಟು ಕೂತ. ಕೋನಪ್ಪನವರು ಕೋಟನ್ನು ಬೇಲಿಗೆ ಹಾಕಿ, ಅಂಗಳದ ನಡುವೆ ಬಂದು ಕೂತರು.

ಕದಿರಮ್ಮ ಆಮೇಲೂ ಕೆರೆಯ ಕಡೆ ಹೋದದ್ದುಂಟು. ಆಗ ಅಣ್ಣ ಜೊತೆಗೆ ನಡೆಯುತ್ತಿದ್ದ, ಏರಿಯ ಮೇಲೆ ಕೂತು ಕಾಯುತ್ತಿದ್ದ. ಕೋನಪ್ಪನವರು ಮುಂದೆ ಗೌರಿಬಿದನೂರು, ಚಿಕ್ಕಬಳ್ಳಾಪುರಗಳಲ್ಲೂ ಕಿವುಡರೆಂದೇ ಹೆಸರಾದರು.

ಮನುಷ್ಯರ ಹಕ್ಕೆಂದರೆ ಕಾಯಿದೆಯೂ ಬೇಕು, ಕೋರ್ಟೂ ಬೇಕು. ಅವು ಹಳ್ಳಿಯ ಹಿತ್ತಿಲಿಗೆ ಬಂದು ಮುಟ್ಟುವ ಮೊದಲೇ ಇಂಥವರೊಬ್ಬರು ಬಂದು ಕಿಟಕಿಯ ಕೆಳಗೆ ಕೂತಿರುತ್ತಾರೆ. ಕಟ್ಟಿಹಾಕಿದವರನ್ನೇ ಕೇಳುತ್ತಾರೆ, ಉತ್ತರ ಬರುವವರೆಗೂ ಏಳುವುದಿಲ್ಲ, 'ಬೇಡ' ಎಂದರೆ ಎದ್ದು ಹೋಗುತ್ತಾರೆ, ಹೇಳಿದ ದಿನಕ್ಕೆ ಮತ್ತೆ ಬರುತ್ತಾರೆ. ಲೋಕ ಅವರನ್ನು ಕಿವುಡರೆನ್ನುತ್ತದೆ. ಅನ್ನಿಸಿಕೊಳ್ಳುತ್ತಾರೆ.