ಶಾಲೆಯಿಂದ ಬಂದ ಮೂರು ಪತ್ರ

ಹೊಸ ದೇಶಕ್ಕೆ ಬಂದು ನೆಲೆಸಿದವರ ಮನೆಯಲ್ಲಿ ಒಂದು ಡ್ರಾಯರ್ ಇರುತ್ತದೆ. ಓದಲಾಗದ ಕಾಗದಗಳನ್ನೆಲ್ಲ ಅದರೊಳಗೆ ತುರುಕಿ ಮುಚ್ಚಿಬಿಡುತ್ತೇವೆ. ನಮ್ಮ ಮನೆಯ ಡ್ರಾಯರ್‌ನಲ್ಲಿ ಮಗಳ ಶಾಲೆಯಿಂದ ಬಂದ ಎರಡು ಪತ್ರಗಳಿದ್ದವು, ಮೂರನೆಯದೂ ಅಲ್ಲಿಗೇ ಸೇರುವುದರಲ್ಲಿತ್ತು. ಆ ಕಥೆ ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಕೇಳಿ.

ಊರಿನಲ್ಲಿ ನಾನು ಟೀಚರ್ ಆಗಿದ್ದೆ. ಹನ್ನೊಂದು ವರ್ಷ ಪಾಠ ಹೇಳಿದವಳು. ಇಲ್ಲಿ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತೇನೆ. ಅಮ್ಮನಿಗೆ ಮಾತ್ರ ಫೋನಿನಲ್ಲಿ, "ಇಲ್ಲೂ ಶಾಲೆಯಲ್ಲೇ ಇದ್ದೀನಮ್ಮ" ಎಂದು ಹಸಿ ಸುಳ್ಳು ಹೇಳಿದ್ದೆ. ಹಾಗಾಗಿ ಕನ್ನಡ ಕಿವಿಗೆ ಬಿದ್ದರೆ ಸಾಕು, ದಾರಿ ಬದಲಿಸುತ್ತಿದ್ದೆ. ನಮ್ಮವರು ಯಾರಾದರೂ ಗುರುತು ಹಿಡಿದರೆ ಸುದ್ದಿ ಅಮ್ಮನ ತನಕ ಹೋಗುತ್ತದೆಂಬ ಭಯ.

ಶಾಲೆಯ ಮೊದಲ ಪತ್ರ ಬಂದಾಗಲೇ ನನಗೆ ಪಿತ್ತ ನೆತ್ತಿಗೇರಿತು. ನಾನು ಟೀಚರ್ ಆಗಿದ್ದಾಗ ಮಕ್ಕಳ ಮನೆಗೆ ಕಾಗದ ಕಳಿಸುತ್ತಿದ್ದುದು ದೂರು ಹೇಳುವುದಕ್ಕೆ ಮಾತ್ರ. ಓದು ಬಾರದ ತಾಯಂದಿರು ಅದನ್ನು ಹಿಡಿದು ಬಂದರೆ, "ಯಾರ ಹತ್ರನಾದ್ರೂ ಓದಿಸ್ಕೊಂಡು ಬರೋಕೇನು ಕಷ್ಟ ನಿಮಗೆ?" ಎಂದು ಎಲ್ಲರೆದುರು ಗದರಿದ್ದೂ ಉಂಟು. ಈಗ ಅದೇ ಕಾಗದ ನನ್ನ ಕೈಯಲ್ಲಿ. ಇಲ್ಲಿನ ಭಾಷೆಯ ಒಂದು ಸಾಲೂ ಅರ್ಥವಾಗದು. ಫೋನಿಗೆ ಹಾಕಿ ಕನ್ನಡ ಮಾಡಿಸಬಹುದಿತ್ತು. ಆದರೆ ಅದರಲ್ಲಿ ಏನಿದೆಯೆಂದು ನನಗೆ ಓದುವ ಮೊದಲೇ ಗೊತ್ತಿತ್ತಲ್ಲ! ಆರು ವರ್ಷದ ಪುಟ್ಟಿಯನ್ನು ನಿಲ್ಲಿಸಿಕೊಂಡು ಬೈದೆ. ಎರಡನೆಯದು ಬಂದಾಗಲೂ ಬೈದೆ. ಮೂರನೆಯದು ಬಂದ ದಿನ, ಎಂದಿನಂತೆ, ಬಸ್ಸಿನಲ್ಲೂ ಬೈಯುತ್ತಾ ಬಂದೆ. ಅವಳೂ ಯಾವಾಗಿನಂತೆ ಮುಖ ಅತ್ತ ತಿರುಗಿಸಿ ಕೂತಿದ್ದಳು. ಎಷ್ಟು ಸೊಕ್ಕು ನೋಡು ಅಂದುಕೊಂಡೆ.

ಕೊನೆಯ ಸ್ಟಾಪಿನಲ್ಲಿ ಬಸ್ ನಿಂತಿತು, ಇಳಿಯಲು ಎದ್ದೆವು. ಪುಟ್ಟಿಯ ಟೋಪಿ ಕೆಳಗೆ ಬಿದ್ದಿತ್ತು. ಡ್ರೈವರ್ ಹೆಂಗಸು ಅದನ್ನು ಎತ್ತಿಕೊಂಡು ಅವಳ ಎಡಕ್ಕೆ ಬಂದು ನಿಂತರು.

"ಪುಟ್ಟಿ, ಟೋಪಿ ತಗೊಳ್ಳಮ್ಮ."

ಅಚ್ಚ ಕನ್ನಡ. ನಾನು ತಬ್ಬಿಬ್ಬಾದೆ. ಪುಟ್ಟಿ ಕತ್ತು ಹೊರಳಿಸಲಿಲ್ಲ. ಅವರು ಎರಡು ಸಲ ಕರೆದರು. ಬಲಗಡೆಗೆ ಬಂದು ಕರೆದ ಕೂಡಲೇ ತಿರುಗಿದಳು.

"ತಂಗಿ, ಈ ಮಗೂಗೆ ಎಡಗಿವಿ ಕೇಳಿಸ್ತಿಲ್ಲ ಅನ್ಸುತ್ತೆ," ಎಂದರು.

"ನಿಮಗೆ... ಕನ್ನಡ ಬರುತ್ತಾ?"

"ಎಂಟು ತಿಂಗಳಿಂದ ನೀನು ಮಗಳನ್ನ ಬೈಯೋದು ಕೇಳ್ತಾನೇ ಇದ್ದೀನಿ. ಮೊದಲನೇ ದಿನ ಚೆನ್ನಾಗಿದ್ದೀಯಾ ಅಂತ ಕೇಳಿದೆ. ನೀನು ಕಿಟಕಿ ಆಚೆ ನೋಡ್ದೆ. ಮಾತು ಬೇಡ ಅನ್ಸುತ್ತೆ ಅಂತ ಸುಮ್ಮನಾದೆ."

ಆ ದಿನ ಕನ್ನಡ ಕಿವಿಗೆ ಬಿದ್ದ ಕೂಡಲೇ, ಕೇಳಿದವರು ಯಾರೆಂದೂ ನೋಡದೆ ಮುಖ ತಿರುಗಿಸಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬ್ಯಾಗಿನಲ್ಲಿದ್ದ ಮೂರನೆಯ ಪತ್ರವನ್ನು ತೆಗೆದುಕೊಟ್ಟೆ. ಅವರು ನಿಂತಲ್ಲೇ ಓದಿ ಹೇಳಿದರು. ಪುಟ್ಟಿ ಜಾಣೆ, ಆದರೆ ಒಂದು ಕಿವಿ ಕೇಳಿಸುತ್ತಿಲ್ಲ. ವೈದ್ಯರಿಗೆ ತೋರಿಸಲು ಎರಡು ಸಲ ಕರೆದೆವು, ನೀವು ಬರಲಿಲ್ಲ. ನಮ್ಮಿಂದ ಏನಾದರೂ ಸಹಾಯ ಬೇಕೇ? ಇಷ್ಟೇ ಇದ್ದದ್ದು. ದೂರು ಒಂದೂ ಇರಲಿಲ್ಲ.

"ಶನಿವಾರ ಮಧ್ಯಾಹ್ನ ಲೈಬ್ರರಿ ಹಿಂದಿನ ಕೋಣೆಗೆ ಬಾ," ಎಂದರು ಬಸ್ಸಿನ ಅಕ್ಕ. "ಬೇರೆ ಬೇರೆ ದೇಶಗಳಿಂದ ಬಂದೋರೆಲ್ಲ ಸೇರ್ತೀವಿ. ಕಾಗದ ಓದಿಸ್ಕೋತೀವಿ, ಆಸ್ಪತ್ರೆಗೆ ಜೊತೇಲಿ ಹೋಗ್ತೀವಿ."

"ನಾನು ಇಸ್ತ್ರಿ ಕೆಲಸದವಳು ಅಂತ ಎಲ್ಲರಿಗೂ ಗೊತ್ತಾಗುತ್ತಲ್ಲಕ್ಕ."

"ಗೊತ್ತಾಗ್ಲಿ ಬಿಡು. ಅಲ್ಲಿ ನೆಲ ಒರೆಸೋ ಇಂಜಿನಿಯರ್ ಇದ್ದಾನೆ, ಮೀನು ಕತ್ತರಿಸೋ ವಕೀಲೆ ಇದ್ದಾಳೆ. ಚಹಾ ಮಾಡೋಕೆ ಮಾತ್ರ ಒಬ್ಬರಿಗೂ ಬರಲ್ಲ."

ಶನಿವಾರ ಹೋದೆ. ಉಳಿದೆರಡು ಪತ್ರಗಳನ್ನು ಮೇಜಿನ ಮೇಲಿಟ್ಟೆ. ಯಾರೂ ಗದರಲಿಲ್ಲ. ವಕೀಲೆಯೇ ಶಾಲೆಗೆ ಫೋನ್ ಮಾಡಿ ಹೊಸ ದಿನ ಗೊತ್ತು ಮಾಡಿಕೊಟ್ಟಳು. ನಾನು ಊರಿನಲ್ಲಿ ಗದರಿ ಕಳಿಸಿದ ತಾಯಂದಿರ ಮುಖಗಳು ಒಂದೊಂದಾಗಿ ನೆನಪಾದವು.

ಪುಟ್ಟಿಯ ಕಿವಿಯೊಳಗೆ ನೀರು ಕಟ್ಟಿಕೊಂಡಿತ್ತು. ಸಣ್ಣ ಚಿಕಿತ್ಸೆ ಬೇಕು, ಬಹುಪಾಲು ಸರಿಹೋಗಬಹುದು, ಇನ್ನೂ ಮೊದಲೇ ಬರಬೇಕಿತ್ತು ಎಂದರು ವೈದ್ಯರು. ಜೊತೆಗೆ ಬಂದಿದ್ದ ಬಸ್ಸಿನ ಅಕ್ಕ ಅದನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿದರು.

ಪುಟ್ಟಿ ನನ್ನ ಕೈ ಎಳೆದಳು. "ಅಮ್ಮ, ಈ ಕಿವಿ ಬೇಗ ಸರಿಹೋಗುತ್ತಾ?"

"ಹೂಂ ಪುಟ್ಟಿ."

"ಆಮೇಲೆ ನೀನು ಬೈದ್ರೆ ಯಾವ ಕಡೆ ತಿರುಗಿಕೊಳ್ಳಲಿ?"

ಅವಳು ಸೊಕ್ಕಿನಿಂದ ಮುಖ ತಿರುಗಿಸುತ್ತಿರಲಿಲ್ಲ. ನನ್ನ ಮಾತು ಕೇಳಿಸದಿರಲೆಂದು ಎಡಗಿವಿಯನ್ನು ನನ್ನ ಕಡೆಗಿಟ್ಟು ಕೂರುತ್ತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆ ದಿನವೇ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಅಮ್ಮ, "ಇಸ್ತ್ರಿ ಹಾಕುವಾಗ ಕೈ ಸುಟ್ಟುಕೋಬೇಡ ಕಣೇ," ಎಂದಳು.

ಈಗ ಶನಿವಾರದ ಚಹಾ ನನ್ನ ಜವಾಬ್ದಾರಿ.

ಹೊಸ ದೇಶದಲ್ಲಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಓದಲು ಬಾರದಿದ್ದುದು ನನ್ನ ತಪ್ಪಲ್ಲ. ಕೇಳದೆ ಕೂತದ್ದು ನನ್ನ ತಪ್ಪು. ಅದರ ಶಿಕ್ಷೆ ಅನುಭವಿಸಿದ್ದು ನನ್ನ ಮಗಳು. ಇವತ್ತೇ ನಿಮ್ಮ ಡ್ರಾಯರ್ ತೆರೆಯಿರಿ. ಇರುವ ಕಾಗದಗಳನ್ನು ತೆಗೆದುಕೊಂಡು ನಿಮ್ಮ ಹತ್ತಿರದ ಕೂಟಕ್ಕೆ ಹೋಗಿ. ಅಂಥದ್ದೊಂದು ಎಲ್ಲಿದೆಯೆಂದು ಲೈಬ್ರರಿಯಲ್ಲೋ ಮಕ್ಕಳ ಶಾಲೆಯಲ್ಲೋ ಕೇಳಿ. ಬಸ್ಸಿನಲ್ಲಿ ಯಾರಾದರೂ ನಿಮ್ಮ ಭಾಷೆಯಲ್ಲಿ ಚೆನ್ನಾಗಿದ್ದೀರಾ ಎಂದರೆ, ದಯವಿಟ್ಟು ಕಿಟಕಿಯ ಆಚೆ ನೋಡಬೇಡಿ.