ಎದುರುಮನೆಯವರು ಮೇಲಕ್ಕೆ ಹೋದರು

ಕಂಪ್ಯೂಟರ್ ಆಟಗಳನ್ನು ಆಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದೇ ಅವಳ ಹೊಟ್ಟೆಪಾಡು. ಇದೊಂದು ಕೆಲಸ ಎಂದು ನೆಂಟರಿಷ್ಟರನ್ನು ನಂಬಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು. 'ಅಂದ್ರೆ ದಿನವಿಡೀ ಆಡ್ತೀಯಾ? ಅದಕ್ಕೆ ಸಂಬಳಾನೂ ಕೊಡ್ತಾರಾ?' ಎಂದು ಕೇಳಿದವರಿಗೆಲ್ಲ ಹೂಂ ಎಂದು ಸುಮ್ಮನಾಗುತ್ತಿದ್ದಳು. ಪತ್ರಿಕೆಯ ಓದುಗರು ಅವಳಿಗಿಟ್ಟ ಹೆಸರು ಕೊಂಕಮ್ಮ. ಮೊಸರಲ್ಲಿ ಕಲ್ಲು ಹುಡುಕುವವಳಿಗೆ ಇನ್ನೇನು ಹೆಸರಿಡುತ್ತಾರೆ? ಅವಳೂ ಬೇಜಾರು ಮಾಡಿಕೊಳ್ಳದೆ ಅದನ್ನೇ ಅಂಕಣದ ಹೆಸರಾಗಿ ಮಾಡಿಕೊಂಡಳು. ಹತ್ತಕ್ಕೆ ಹತ್ತು ಆಕೆಯ ಕೈಯಿಂದ ಯಾರಿಗೂ ಬಿದ್ದದ್ದಿಲ್ಲ. ಒಮ್ಮೆ ಒಂಬತ್ತು ಕೊಟ್ಟಾಗ ಸಂಪಾದಕರು ಫೋನ್ ಮಾಡಿ ಮೈಯಲ್ಲಿ ಹುಷಾರಿದೆಯಾ ಎಂದು ವಿಚಾರಿಸಿದ್ದರು.

ಈ ಸಲ ಅವಳ ಕೈಗೆ ಸಿಕ್ಕಿದ್ದು 'ಬಾಳಾಟ'. ಹೆಸರೇ ಹೇಳುವ ಹಾಗೆ ಅದು ಬಾಳುವ ಆಟ. ತೆರೆಯ ಮೇಲೆ ಪುಟ್ಟ ಮನುಷ್ಯರನ್ನು ಮಾಡಿ, ಮನೆ ಕೊಟ್ಟು, ಉಣ್ಣಿಸಿ, ಮಲಗಿಸಿ, ಕೆಲಸಕ್ಕೆ ಕಳಿಸಬೇಕು. ಮರೆತರೆ ನಿಂತಲ್ಲೇ ಒದ್ದೆ ಮಾಡಿಕೊಂಡು ಅಳುತ್ತಾರೆ. ಇಷ್ಟು ದಿನ ಆ ಪುಟ್ಟ ಜನ ಸುತ್ತ ಅಂಗಳವಿರುವ ಒಂಟಿ ಮನೆಗಳಲ್ಲಿ ದೊರೆಗಳ ಹಾಗೆ ಇದ್ದರು. ಈಗ ಮೂಲ ಆಟಕ್ಕೆ 'ಮಹಡಿ ಮನೆ' ಎಂಬ ಹೊಸ ಭಾಗ ಸೇರಿತ್ತು. ಅದರಲ್ಲಿ ಎಲ್ಲರನ್ನೂ ಒಬ್ಬರ ತಲೆಯ ಮೇಲೆ ಒಬ್ಬರಂತೆ ಒಂದೇ ಕಟ್ಟಡದಲ್ಲಿ ತುಂಬಲಾಗಿತ್ತು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಆಟವಿಡೀ ಮೊದಲ ಬಾರಿಗೆ ಕನ್ನಡದಲ್ಲಿತ್ತು. ಪೇಟೆಗೆ ಬರುವ ಮೊದಲೇ ಒಂದು ಪ್ರತಿ ಕೊಂಕಮ್ಮನಿಗೆ ಬಂದಿತ್ತು.

ಮಹಡಿ ಮನೆಯ ಬಗ್ಗೆ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅವಳಿದ್ದದ್ದೇ ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಗಂಡ ರೈಲು ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಮುಂದಿನ ಕೋಣೆ ಹಗಲು ಅವಳ ಆಫೀಸು, ರಾತ್ರಿ ಅತ್ತೆಯ ಮಲಗುವ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆ ಇಲ್ಲಿಗೇ ಬಂದಿದ್ದರು.

ಸೊಸೆ ಆಡುತ್ತಿದ್ದರೆ ಅತ್ತೆ ಹಿಂದೆ ಮಂಚದ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ, ನೋಡದವರಂತೆ ನೋಡುತ್ತಿದ್ದರು.

"ಅಡುಗೆಮನೆ ಬಾಗಿಲು ತೆಗೆದ್ರೆ ಬಚ್ಚಲ ಬಾಗಿಲಿಗೆ ಬಡಿಯುತ್ತೆ. ಯಾವ ಪುಣ್ಯಾತ್ಮ ಕಟ್ಟಿದ್ದು ಈ ಮನೆ?"

ಸೊಸೆ ಅದನ್ನು ಹಾಗೆಯೇ ಗೀಚಿಕೊಂಡಳು. "ಇಷ್ಟು ತೆಳ್ಳಗಿನ ಗೋಡೆಗೆ ಇಷ್ಟು ಬಾಡಿಗೆಯಾ?" ಎಂದರು, ಅದನ್ನೂ ಗೀಚಿಕೊಂಡಳು. ಕಡೆಗೆ, "ಅತ್ತೆ, ನೀವೇ ಒಂದು ಸಂಸಾರ ನಡೆಸಿ ನೋಡಿ" ಎಂದು ಇನ್ನೊಂದು ಕಂಪ್ಯೂಟರನ್ನು ಅವರ ಮುಂದಿಟ್ಟಳು. ಅತ್ತೆ ಬೇಡ ಬೇಡ ಎನ್ನುತ್ತಲೇ ಕನ್ನಡಕ ಏರಿಸಿದರು. ಮಾರನೆಯ ದಿನದಿಂದ ಬೆಳ್ಳುಳ್ಳಿ ಬಿಡಿಸುವ ಕೆಲಸ ಸೊಸೆಯ ಪಾಲಿಗೆ ಬಂತು.

ಆಟದ ಕನ್ನಡ ಅತ್ತೆಗೆ ಬಹಳ ಹಿಡಿಸಿತು. ಮುನಿಸಿಕೊಂಡವರ ತಲೆಯ ಮೇಲೆ 'ಮುಖ ಊದಿಸಿಕೊಂಡಿದ್ದಾರೆ' ಎಂದು ಬರುತ್ತಿತ್ತು. ಸದ್ದು ಹೆಚ್ಚಾಗಿ ಪಕ್ಕದವರು ಗೋಡೆ ಗುದ್ದಿದರೆ, 'ಗೋಡೆಗೂ ಕಿವಿಯಿದೆ, ನಿಮಗೇ ಇಲ್ಲ' ಎಂದು ಬರುತ್ತಿತ್ತು.

"ಇದು ನನ್ನ ಮಾತು ಕಣೇ," ಅತ್ತೆ ಹುಬ್ಬು ಗಂಟಿಕ್ಕಿದರು. "ಮೇಲಿನ ಮನೆ ಹುಡುಗರಿಗೆ ನಾನು ಬಯ್ಯೋದೇ ಹೀಗೆ. ಇವರಿಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಬಯ್ಗುಳ ಬೀದಿಗೆಲ್ಲ ಕೇಳುತ್ತೆ ಅತ್ತೆ," ಎಂದಳು ಕೊಂಕಮ್ಮ.

ಆಟದಲ್ಲಿ ಅತ್ತೆಯ ಎದುರುಮನೆಗೆ ಒಬ್ಬ ತಲೆ ನರೆತ ಒಂಟಿ ಮನುಷ್ಯ ಬಂದಿದ್ದ. ಮನೆ ತುಂಬ ಗೋಡೆ ಗಡಿಯಾರ, ಒಂದರಂತೆ ಇನ್ನೊಂದು ಸಮಯ ತೋರಿಸದು. ಅತ್ತೆ ಸೊಸೆ ಸೇರಿ ಅವನಿಗೆ ಗಡಿಯಾರದಯ್ಯ ಎಂದು ಹೆಸರಿಟ್ಟರು. ಅವನು ಕದ ತಟ್ಟದೆ ಒಳಗೆ ಬಂದು, ಫ್ರಿಜ್ಜು ತೆಗೆದು, ಸಿಕ್ಕಿದ್ದನ್ನು ತಿಂದು, ಸೋಫಾದಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದ. ಮೊದಲ ದಿನ ಅತ್ತೆ ಕೆಂಡವಾದರು. ಎರಡನೆಯ ದಿನ ಒಂದು ತಟ್ಟೆ ಹೆಚ್ಚಿಗೆ ಇಟ್ಟರು. ಆಮೇಲಾಮೇಲೆ ಅವನು ಬರುವುದು ತಡವಾದರೆ ತಾವೇ ಹೋಗಿ ಬೆಲ್ ಒತ್ತುತ್ತಿದ್ದರು. ಗೆಳೆತನದ ಹಸಿರು ಪಟ್ಟಿ ತುಂಬಿ ತುಳುಕುತ್ತಿತ್ತು. ಮಾವ ಇದ್ದ ಕಾಲದ ಹಾಗೆ ಅತ್ತೆ ನಗುತ್ತ ಮಾತಾಡತೊಡಗಿದ್ದರು, ಸೊಸೆಗೆ ಅದೇ ದೊಡ್ಡ ಲಾಭವಾಗಿ ಕಂಡಿತು.

ಹೀಗಿರುವಾಗ ಒಂದು ಬೆಳಿಗ್ಗೆ ತೆರೆಯ ಮೇಲೆ ಕುಣಿಯುವಂಥ ಸಂಗೀತದೊಂದಿಗೆ ಒಂದು ಸಾಲು ಬಂತು: 'ಎದುರುಮನೆಯವರು ಮೇಲಕ್ಕೆ ಹೋದರು.' ಎದುರಿನ ಬಾಗಿಲಿಗೆ 'ಮನೆ ಖಾಲಿ ಇದೆ' ಎಂಬ ಹಲಗೆ ಬಿತ್ತು.

ಅತ್ತೆಯ ಕೈ ನಿಂತುಹೋಯಿತು. ಸೊಸೆಯೂ ಬಗ್ಗಿ ನೋಡಿದಳು. ತಲೆ ನರೆತವರು ಬಾಳಾಟದಲ್ಲಿ ಸಾಯುವುದು ಹೊಸದೇನಲ್ಲ. ಆದರೆ ಮೂಲ ಆಟದಲ್ಲಿ ಸಾವಿಗೆ ಒಂದು ಮರ್ಯಾದೆ ಇತ್ತು. ದೀಪ ಮಂಕಾಗುತ್ತಿತ್ತು, ಅಕ್ಕಪಕ್ಕದವರು ಬಂದು ಅಳುತ್ತಿದ್ದರು. ಇಲ್ಲಿ ಒಂದು ಸಾಲು, ಅದರ ಜೊತೆಗೆ ಡಂಗುರ.

"ನಿಮ್ಮ ಮಾವ ಹೋದಾಗಲೂ ಹೀಗೇ," ಅತ್ತೆ ಮೆಲ್ಲಗೆ ಹೇಳಿದರು. "ಆಸ್ಪತ್ರೆಯಿಂದ ಫೋನ್ ಬಂತು. ಹೋದರು ಅಂದ್ರು, ಇಟ್ಟುಬಿಟ್ರು."

ಆಟದಲ್ಲಿ ತಮ್ಮ ಮನೆಯವರಿಗೆಲ್ಲ ಬೂದು ಬಣ್ಣದ ಬಟ್ಟೆ ತೊಡಿಸಿ, ರೇಡಿಯೋ ಆರಿಸಿ, ಕಂಪ್ಯೂಟರನ್ನು ಮುಚ್ಚಿ ಅಡುಗೆಮನೆಗೆ ಹೋದರು. ಅವತ್ತಿನ ಅಡುಗೆಗೆ ಉಪ್ಪೇ ಬೀಳಲಿಲ್ಲ.

ಕೊಂಕಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಯವರೆಗೆ ಏಳಕ್ಕೆ ಬಂದು ನಿಂತಿದ್ದ ಅಂಕವನ್ನು ಒಂದೇ ಏಟಿಗೆ ಮೂರಕ್ಕೆ ಇಳಿಸಿದಳು. ವಿಮರ್ಶೆ ಬರೆದು ಸಂಪಾದಕರಿಗೆ ಕಳಿಸಿಯೂ ಬಿಟ್ಟಳು. ಅದು ಸಂಜೆ ಅಚ್ಚಿಗೆ ಹೋಗುವುದಿತ್ತು, ಆಟವೂ ಅವತ್ತೇ ಪೇಟೆಗೆ ಬಂದಿತ್ತು.

ಮಧ್ಯಾಹ್ನ ನಾದಿನಿ ಬಂದಳು. ಅತ್ತೆಯ ಕಿರಿಯ ಮಗಳು, ಎರಡು ಬೀದಿ ಆಚೆ ಇರುವವಳು. ಮನೆಯಲ್ಲೇ ಕೂತು ಬಟ್ಟೆ ಒಗೆಯುವ ಯಂತ್ರದ ಕೈಪಿಡಿಗಳನ್ನು ಕನ್ನಡಕ್ಕೆ ಮಾಡುತ್ತಾಳೆ ಎಂದಷ್ಟೇ ಎಲ್ಲರಿಗೂ ಗೊತ್ತಿತ್ತು.

"ಅಮ್ಮ ಯಾಕೆ ಹಾಗಿದಾರೆ?"

"ಆಟದಲ್ಲಿ ಅವರ ಸ್ನೇಹಿತರು ಹೋಗಿಬಿಟ್ರು. ಕೂತ್ಕೋ, ಹೇಗೆ ಜಾಡಿಸಿದೀನಿ ಕೇಳು." ಕೊಂಕಮ್ಮ ಗಂಟಲು ಸರಿಮಾಡಿಕೊಂಡು ಓದಿದಳು: "'ಎದುರುಮನೆಯವರು ಮೇಲಕ್ಕೆ ಹೋದರು' ಎಂಬ ಈ ಸಾಲನ್ನು ಬರೆದವರ ಎದೆಯಲ್ಲಿ ಹೃದಯವಿದ್ದಂತೆ ಕಾಣುವುದಿಲ್ಲ. ಅವರ ಪಾಲಿಗೆ ಸಾವೆಂದರೆ ಲಿಫ್ಟ್ ಹತ್ತಿದಷ್ಟೇ ಸಲೀಸು."

ನಾದಿನಿಯ ಮುಖ ಬಿಳಿಚಿತು.

"ಅತ್ತಿಗೆ," ಎಂದಳು, "ಅವರು ಲಿಫ್ಟ್ ಹತ್ತಿದ್ದೇ."

"ಏನಂದೆ?"

"ಸತ್ತಿಲ್ಲ. ಸಂಬಳ ಹೆಚ್ಚಾದ್ರೆ ಮೇಲಿನ ಮಹಡಿಗೆ ಮನೆ ಬದಲಾಯಿಸ್ತಾರೆ. ಆ ಸಾಲು ಬರೆದಿದ್ದು ನಾನು."

ಗೋಡೆಗೂ ಕಿವಿಯಿದೆ ಎಂಬ ಮಾತು ಆಟದೊಳಗೆ ಹೇಗೆ ಹೋಯಿತೆಂದು ಕೊಂಕಮ್ಮನಿಗೆ ಆಗ ಹೊಳೆಯಿತು. ಆಟ ಬಿಡುಗಡೆಯಾಗುವವರೆಗೆ ಯಾರ ಮುಂದೂ ಬಾಯಿ ಬಿಡಬಾರದೆಂದು ಕಂಪನಿ ಬರೆಸಿಕೊಂಡಿತ್ತಂತೆ. ಸಾವಿರಾರು ಸಾಲುಗಳನ್ನು ಬಿಡಿಬಿಡಿಯಾಗಿ ಕಳಿಸುತ್ತಾರಂತೆ. ಯಾವ ಸಾಲು ಎಲ್ಲಿ ಬರುತ್ತದೆ, ಯಾರಿಗೆ ಹೇಳುತ್ತಾರೆ, ಒಂದನ್ನೂ ತೋರಿಸುವುದಿಲ್ಲವಂತೆ. ಅಮ್ಮನ ಮಾತುಗಳನ್ನು ನೆನೆದು ನೆನೆದು ಅಷ್ಟನ್ನೂ ಬರೆದ ನಾದಿನಿ ಈ ಒಂದು ಕಡೆ ಎಡವಿದ್ದಳು. ಮನೆ ಬದಲಾಯಿಸುವ ಸಂಗತಿ ಆಮೇಲೆ ಬಂದ ಸಾಲುಗಳಿಂದ ತಿಳಿದಿತ್ತು, ಆದರೆ ಈ ಸಾಲು ಸಾವಿನ ಹಾಗೆ ಕೇಳಿಸೀತೆಂದು ಅವಳಿಗೆ ಹೊಳೆದಿರಲಿಲ್ಲ.

"ಕನ್ನಡದ ಬಗ್ಗೆ ಪತ್ರಿಕೇಲಿ ಏನು ಬರುತ್ತೋ ನೋಡಿ, ಮುಂದಿನ ಕೆಲಸ ಕೊಡೋದೋ ಬಿಡೋದೋ ಹೇಳ್ತೀವಿ ಅಂದಿದಾರೆ," ಎಂದಳು. "ಹೋಯ್ತು ಬಿಡಿ. ಮತ್ತೆ ಬಟ್ಟೆ ಒಗೆಯೋ ಯಂತ್ರವೇ ಗತಿ."

ಕೊಂಕಮ್ಮನದು ಅಡಕತ್ತರಿಯಲ್ಲಿ ಸಿಕ್ಕ ಪಾಡು. ಮನೆಯವಳೆಂದು ಆ ಸಾಲನ್ನು ಮುಚ್ಚಿಟ್ಟರೆ ಅವಳು ಕೊಂಕಮ್ಮನಲ್ಲ. ಎತ್ತಿ ಆಡಿದರೆ ಅತ್ತಿಗೆಯಲ್ಲ. ಇದೆಲ್ಲದರ ಮೇಲೆ, ಬದುಕಿರುವವನನ್ನು ಸತ್ತನೆಂದು ಬರೆದ ವಿಮರ್ಶೆ ಸಂಪಾದಕರ ಮೇಜಿನ ಮೇಲಿತ್ತು.

"ತಪ್ಪು ನಂದೇ, ಬರೀರಿ," ನಾದಿನಿಯೇ ದಾರಿ ತೋರಿಸಿದಳು. "ನನಗೆ ಹೃದಯ ಇಲ್ಲ ಅನ್ನೋದೊಂದು ತೆಗೀರಿ ಸಾಕು."

ಕೊಂಕಮ್ಮನಿಗೆ ನಾಚಿಕೆಯಾಯಿತು. ಫೋನ್ ಎತ್ತಿ ಸಂಪಾದಕರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವರು ನಕ್ಕು ನಕ್ಕು ಸುಸ್ತಾಗಿ, ಮನೆಯವರ ಕೆಲಸಕ್ಕೆ ಮನೆಯವರೇ ಅಂಕ ಹಾಕುವುದು ಬೇಡ, ಇದನ್ನೇ ಬರೆದು ಕೊಡಿ ಎಂದರು. ಅವಳು ಬರೆದಳು: 'ಈ ಸಲ ಅಂಕವಿಲ್ಲ. ಆಟದ ಕನ್ನಡ ನನ್ನ ನಾದಿನಿಯದು, ಅದು ನನಗೆ ಇವತ್ತು ಗೊತ್ತಾಯಿತು. ಕನ್ನಡ ಸೊಗಸಾಗಿದೆ. ಒಂದು ಸಾಲು ಮಾತ್ರ ತಪ್ಪಿದೆ. ಅದನ್ನು ಓದಿ ನಮ್ಮ ಮನೆಯಲ್ಲಿ ಒಬ್ಬರು ಅತ್ತಿದ್ದಾರೆ. ಉಳಿದ ಸಾಲುಗಳು ಸಪ್ಪೆಯಾಗಿದ್ದಿದ್ದರೆ ಅವರು ಅಳುತ್ತಿರಲಿಲ್ಲ.'

ಅದೇ ಮೇಜಿನ ಆ ಕಡೆ ಕೂತು ನಾದಿನಿ ಕಂಪನಿಗೆ ತನ್ನ ತಪ್ಪನ್ನು ತಾನೇ ಬರೆದು ಕಳಿಸಿದಳು. ಉತ್ತರ ಬರುವವರೆಗೆ ಇಬ್ಬರೂ ಮೇಜು ಬಿಟ್ಟು ಏಳಲಿಲ್ಲ. ಬಂದ ಉತ್ತರ ಚಿಕ್ಕದು: ಮುಂದಿನ ವಾರದೊಳಗೆ ಎಲ್ಲರ ಆಟದಲ್ಲೂ ತಿದ್ದುತ್ತೇವೆ, ಇನ್ನು ಮುಂದೆ ನಿಮಗೆ ಸಾಲಿನ ಜೊತೆ ಚಿತ್ರವನ್ನೂ ಕಳಿಸುತ್ತೇವೆ.

"ಇನ್ನು ಮುಂದೆ ಅಂತ ಹಾಕಿದಾರೆ," ಎಂದು ನಾದಿನಿ ಮತ್ತೆ ಮತ್ತೆ ಓದಿದಳು.

ಇಷ್ಟಾದ ಮೇಲೆ ಅತ್ತೆಯನ್ನು ಅಡುಗೆಮನೆಯಿಂದ ಎಬ್ಬಿಸಿ ತಂದು ಕೂರಿಸಿದರು. ಅವರು ನಂಬಲಿಲ್ಲ.

"ನನ್ನ ಸಮಾಧಾನಕ್ಕೆ ಏನೇನೋ ಹೇಳಬೇಡಿ."

"ನೀವೇ ಹೋಗಿ ನೋಡಿ ಅತ್ತೆ. ಕೊನೇ ಮಹಡಿ."

ಅತ್ತೆ ಬೂದು ಬಟ್ಟೆಯ ತಮ್ಮ ಹೆಂಗಸನ್ನು ಲಿಫ್ಟಿಗೆ ಹತ್ತಿಸಿದರು. ಕೊನೆಯ ಮಹಡಿಯ ಓಣಿಯಲ್ಲಿ ನಡೆಸಿ, ಗಡಿಯಾರಗಳ ಸದ್ದು ಬರುತ್ತಿದ್ದ ಬಾಗಿಲ ಮುಂದೆ ನಿಲ್ಲಿಸಿ, ಬೆಲ್ ಒತ್ತಿದರು. ಬಾಗಿಲು ತೆರೆಯಿತು. ಗಡಿಯಾರದಯ್ಯ ಅದೇ ಸುಕ್ಕು ಅಂಗಿಯಲ್ಲಿ ನಿಂತಿದ್ದ. ತಲೆಯ ಮೇಲೆ ಸಾಲು ಮೂಡಿತು: 'ಏನಿದು, ದಾರಿ ತಪ್ಪಿ ಬಂದಿರಾ?'

ಅತ್ತೆ ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಮಗಳು ಪಕ್ಕದಲ್ಲಿ ಕೂತು ಅಮ್ಮನ ಬೆನ್ನು ಸವರಿದಳು.

"ಅಮ್ಮ, ನಿಮಗೆ ತುಂಬಾ ಸಂಕಟ ಕೊಟ್ಟೆ. ಮುಂದಿನ ವಾರ ಆ ಸಾಲು ಇರಲ್ಲ. 'ಮೇಲಿನ ಮಹಡಿಗೆ ಮನೆ ಬದಲಾಯಿಸಿದರು' ಅಂತ ಬರುತ್ತೆ."

ಅತ್ತೆ ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ತಿದ್ದಲೇಬೇಕಾ?"

"ತಪ್ಪಲ್ವಾ ಅಮ್ಮ. ನನ್ನ ಕೆಲಸ ಅದು."

"ಊರವರಿಗೆಲ್ಲ ತಿದ್ದು. ನಂಗೆ ಬೇಡ." ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮೇಲಕ್ಕೆ ಹೋದರು ಅಂತ ಬಂತು. ಅತ್ಕೊಂಡು ಕೂತೆ. ಆಮೇಲೆ ಹೋಗಿ ಬೆಲ್ ಒತ್ತಿದ್ರೆ ಬಾಗಿಲು ತೆಗೆದ್ರು. ಇಂಥದ್ದು ಬೇರೆ ಎಲ್ಲಿ ಆಗುತ್ತೆ ಹೇಳು. ಇಲ್ಲೊಂದು ಕಡೆ ಆಗ್ಲಿ ಬಿಡೇ."

ಕೊಂಕಮ್ಮ ಕೈ ಚಾಚಿ ಆ ಕಂಪ್ಯೂಟರಿನ ಸೆಟ್ಟಿಂಗ್ ತೆರೆದಳು. ಹೊಸ ತಿದ್ದುಪಡಿಗಳು ತಾವಾಗಿಯೇ ಇಳಿಯಲಿ ಎಂಬ ಕಡೆ ಇದ್ದ ಗುರುತನ್ನು ತೆಗೆದುಹಾಕಿದಳು.

"ಇದೊಂದಕ್ಕೆ ಬರಲ್ಲ ಅತ್ತೆ," ಎಂದಳು.

ಅತ್ತೆ ಕನ್ನಡಕ ಹಾಕಿಕೊಂಡರು. ತಮ್ಮ ಹೆಂಗಸನ್ನು ಗಡಿಯಾರದಯ್ಯನ ಮನೆಯಿಂದ ಹೊರಗೆ ಕರೆತಂದು, ಬಾಗಿಲು ಮುಚ್ಚುವವರೆಗೆ ಕಾದು, ಮತ್ತೆ ಬೆಲ್ ಒತ್ತಿದರು.